ನಾನು ಸಹಿ ಹಾಕದ ಗಾಡಿ

ಕಳೆದ ವಾರ ನಾಗರಬಾವಿ ರಿಂಗ್ ರಸ್ತೆಯ ಇಳಿಜಾರಿನಲ್ಲಿ ಸಿಗ್ನಲ್ಲಿಗೆ ನಿಂತಿದ್ದೆ. ಪಕ್ಕದಲ್ಲಿ ಸಿಮೆಂಟ್ ತುಂಬಿದ ಲಾರಿಯೊಂದು ಬಂದು ನಿಂತಿತು, ಅದರ ಹಿಂದೆಯೇ ಆ ವಾಸನೆಯೂ ಬಂತು. ಸುಟ್ಟ ಬ್ರೇಕ್ ಲೈನಿಂಗಿನ ವಾಸನೆ. ಮೂಗಿನೊಳಗೆ ಹೋಗಿ ಗಂಟಲಲ್ಲಿ ಕೂತುಬಿಡುತ್ತದೆ, ಎಷ್ಟು ನೀರು ಕುಡಿದರೂ ಇಳಿಯುವುದಿಲ್ಲ. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಇಳಿದು, ಲಾರಿಯ ಬಾಗಿಲು ಬಡಿದೆ.

"ಅಣ್ಣ, ಮುಂದಿನ ಬ್ರೇಕ್ ಲೂಸ್ ಮಾಡ್ಸಿದೀರಾ?"

ಡ್ರೈವರ್ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನಿಮ್ಗೆ ಹೆಂಗ್ ಗೊತ್ತಾಯ್ತು ಮೇಡಂ?" ಎಂದ. ಅಷ್ಟರಲ್ಲಿ ಹಸಿರು ದೀಪ ಬಂತು, ಹಿಂದಿನವರೆಲ್ಲ ಹಾರ್ನ್ ಒತ್ತತೊಡಗಿದರು. ಸುಂಕದಕಟ್ಟೆಯಲ್ಲಿ ನನ್ನ ಬ್ರೇಕ್ ರಿಪೇರಿ ಶೆಡ್ ಇದೆ, ಬಂದು ತೋರಿಸಿ ಎಂದು ಕೂಗಿ ಹೇಳಿದೆ. ಅವನು ಕೈಯೆತ್ತಿ ಹೊರಟುಹೋದ. ಇವತ್ತಿನವರೆಗೂ ಬಂದಿಲ್ಲ. ಬರುವವರಿಗಿಂತ ಬಾರದವರೇ ಹೆಚ್ಚು, ಅದೇನೂ ನನಗೆ ಹೊಸದಲ್ಲ. ಆದರೆ ಆ ವಾಸನೆ ಮನೆಯವರೆಗೂ ಹಿಂಬಾಲಿಸಿ ಬಂತು. ಜೊತೆಗೆ ಮೂರು ವರ್ಷದ ಹಿಂದಿನ ಒಂದು ಮಳೆಗಾಲವೂ ಬಂತು.

ಆಗ ನನಗೆ ಇಪ್ಪತ್ತೊಂಬತ್ತು. ಅಪ್ಪ ಬಸ್ ಡಿಪೋದಲ್ಲಿ ಬ್ರೇಕ್ ಮೆಕ್ಯಾನಿಕ್ ಆಗಿದ್ದವರು, ನಿವೃತ್ತರಾಗಿ ಎರಡೇ ವರ್ಷಕ್ಕೆ ತೀರಿಕೊಂಡಿದ್ದರು. ಮೂಡಲಪಾಳ್ಯದ ಮನೆಯಲ್ಲಿ ಅಮ್ಮ ಮತ್ತು ನಾನು. ಪಾಲಿಟೆಕ್ನಿಕ್ಕಿನಲ್ಲಿ ಆಟೋಮೊಬೈಲ್ ಡಿಪ್ಲೊಮಾ ಮಾಡಿದ್ದೆ. ಆ ತರಗತಿಗೆ ನಾನೊಬ್ಬಳೇ ಹುಡುಗಿ. ಓದು ಮುಗಿದ ಮೇಲೆ ಆರೇಳು ವರ್ಷ ಒಂದು ಕಾರ್ ಶೋರೂಮಿನಲ್ಲಿ ಕೂತು ಗಿರಾಕಿಗಳ ದೂರು ಬರೆದುಕೊಳ್ಳುವ ಕೆಲಸ. ಕೈಗೆ ಗ್ರೀಸ್ ಹತ್ತುವ ಕೆಲಸ ಕೊಡಿ ಎಂದು ಕೇಳಿದಾಗಲೆಲ್ಲ ಮ್ಯಾನೇಜರ್ ನಗುತ್ತಿದ್ದ. ಒಂದು ದಿನ ನಾನೂ ನಕ್ಕು, ರಾಜೀನಾಮೆ ಕೊಟ್ಟು ಬಂದೆ.

ಸುಂಕದಕಟ್ಟೆಯ ಲಾರಿ ಕಂಪನಿಯಿಂದ ಕರೆ ಬಂದದ್ದು ಆಮೇಲೆ. ಮಾಲೀಕರು ಮಹೇಶಪ್ಪ. ದಾವಣಗೆರೆ ಕಡೆಯವರು, ಬಸವೇಶ್ವರನಗರದಲ್ಲಿ ಮನೆ, ಹಣೆಯ ಮೇಲಿನ ವಿಭೂತಿ ಒಂದು ದಿನವೂ ತಪ್ಪಿದ್ದಿಲ್ಲ. ಕೆಟ್ಟವರೇನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವರ್ಷ ಅವರಿಗೆ ನೇಪಾಳದ ಸಾಗಣೆ ಕೆಲಸ ಸಿಕ್ಕಿತ್ತು. ಅಲ್ಲಿನ ಬೆಟ್ಟದಲ್ಲಿ ಕಟ್ಟುತ್ತಿದ್ದ ವಿದ್ಯುತ್ ಯೋಜನೆಯೊಂದಕ್ಕೆ ಪೀಣ್ಯದಲ್ಲಿ ತಯಾರಾದ ದೊಡ್ಡ ಪಂಪುಗಳನ್ನೂ ವಾಲ್ವುಗಳನ್ನೂ ಮುಟ್ಟಿಸಬೇಕಿತ್ತು. ಬೆಂಗಳೂರಿನಿಂದ ಬಿಹಾರದ ರಕ್ಸೋಲ್‌ವರೆಗೆ ನಮ್ಮ ರಸ್ತೆ. ಅಲ್ಲಿ ಗಡಿ ದಾಟಿದ ಮೇಲೆ ಸ್ವಲ್ಪ ದೂರ ಬಯಲು, ಆಮೇಲೆ ಬೆಟ್ಟ ಹತ್ತಿ ಇಳಿಯುವ, ಇಳಿದು ಹತ್ತುವ ದಾರಿ.

ಯೋಜನೆಯವರು ಒಂದು ಷರತ್ತು ಹಾಕಿದ್ದರು. ಗಡಿ ದಾಟುವ ಪ್ರತಿ ಲಾರಿಗೂ ಹೊರಡುವ ಮುಂಚೆ ತಪಾಸಣೆಯ ಹಾಳೆಯೊಂದನ್ನು ತುಂಬಬೇಕು, ಆಟೋಮೊಬೈಲ್ ಓದಿದವರೊಬ್ಬರು ಅದಕ್ಕೆ ಸಹಿ ಹಾಕಬೇಕು, ಆ ಒಬ್ಬರ ಹೆಸರನ್ನೂ ಸರ್ಟಿಫಿಕೇಟನ್ನೂ ಮೊದಲೇ ಅವರಿಗೆ ಕಳಿಸಿರಬೇಕು. ಮಹೇಶಪ್ಪನವರು ನನ್ನನ್ನು ಕರೆದದ್ದು ಇದಕ್ಕೆ. ಮೊದಲ ದಿನವೇ ಒಂದು ಕುರ್ಚಿ, ಒಂದು ಫ್ಯಾನು, ಒಂದು ಕಟ್ಟು ಹಾಳೆ ಕೊಟ್ಟು, "ನೀನು ಆಫೀಸಲ್ಲೇ ಕೂತ್ಕೊಂಡ್ ಸಹಿ ಹಾಕಮ್ಮ, ಗಾಡಿ ಹತ್ರ ಎಲ್ಲಾ ಹೋಗ್ಬೇಡ, ಬಟ್ಟೆ ಹಾಳಾಗುತ್ತೆ" ಎಂದರು. ಅವರಿಗೆ ಬೇಕಿದ್ದದ್ದು ಸಹಿ ಮಾತ್ರ, ಅದರ ಜೊತೆ ನಾನೂ ಬಂದದ್ದು ಅವರ ಗ್ರಹಚಾರ.

ಮರುದಿನ ಅಪ್ಪನ ಹಳೆಯ ಖಾಕಿ ಅಂಗಿಯನ್ನು ಚೂಡಿದಾರದ ಮೇಲೆ ತೊಟ್ಟುಕೊಂಡು ಹೋದೆ. ಯಾರ್ಡಿನ ಮೆಕ್ಯಾನಿಕ್ ಸಾದಿಕ್ ಭಾಯ್ ಒಂದು ರಟ್ಟಿನ ಹಾಳೆ ಹಾಸಿಕೊಟ್ಟರು. ಅದರ ಮೇಲೆ ಅಂಗಾತ ಮಲಗಿ ಲಾರಿಯ ಕೆಳಗೆ ಸರಿದೆ. ನೇಪಾಳದ ಕೆಲಸಕ್ಕೆಂದು ಇಟ್ಟಿದ್ದ ಮೂರು ಗಾಡಿಗಳಲ್ಲಿ ಎರಡು ಹೊಸವು, ಅವುಗಳ ಬ್ರೇಕು ತಾನಾಗಿಯೇ ಬಿಗಿಯಾಗಿಕೊಳ್ಳುವಂಥದ್ದು. ಮೂರನೆಯದು ಹತ್ತು ಚಕ್ರದ ಹಳೇ ಗಾಡಿ. ಅದರಲ್ಲಿ ಪ್ರತಿ ಚಕ್ರದ ಬಳಿ ಒಂದು ನಟ್ಟು ತಿರುಗಿಸಿ ಬ್ರೇಕನ್ನು ಬಿಗಿ ಮಾಡಬೇಕು, ಸಡಿಲವಾದರೆ ಎಷ್ಟು ತುಳಿದರೂ ಬ್ರೇಕಿನ ಶೂ ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಸರಿಯಾಗಿ ಕಚ್ಚುವುದಿಲ್ಲ. ಹಿಂದಿನ ಚಕ್ರಗಳೆಲ್ಲ ಸರಿಯಿದ್ದವು. ಮುಂದಿನ ಎರಡೂ ಪೂರ್ತಿ ಸಡಿಲ. ಇದ್ದೂ ಇಲ್ಲದ ಹಾಗೆ.

"ಇದೇನ್ ಭಾಯ್?" ಎಂದೆ ಕೆಳಗಿನಿಂದಲೇ.

"ಎಲ್ಲಾರೂ ಹಂಗೇ ಮಾಡ್ಸೋದು ಮೇಡಂ," ಎಂದರು ಸಾದಿಕ್ ಭಾಯ್. "ಡ್ರೈವರ್‌ಗಳಿಗೆ ಮುಂದಿನ್ ಬ್ರೇಕ್ ಅಂದ್ರೆ ಭಯ. ಹಳೇ ಗಾಡಿ ಕೈಗೆ ಬಂದ್ರೆ ಫಸ್ಟ್ ಅದನ್ನೇ ಬಿಚ್ಚಿಸ್ತಾರೆ."

ಅಪ್ಪ ಹೇಳುತ್ತಿದ್ದದ್ದು ನೆನಪಿತ್ತು. ಲಾರಿಯವರಲ್ಲಿ ಇದೊಂದು ನಂಬಿಕೆ: ಮುಂದಿನ ಬ್ರೇಕು ಹಿಡಿದರೆ ಸ್ಟೀರಿಂಗ್ ಎಳೆಯುತ್ತದೆ, ಗಾಡಿ ಮಗುಚುತ್ತದೆ. ಬಯಲಿನಲ್ಲಿ ಓಡಿಸುವಾಗ ಹಿಂದಿನ ಬ್ರೇಕೇ ಹೇಗೋ ಸಾಲುತ್ತದೆ, ಹಾಗಾಗಿ ನಂಬಿಕೆಗೆ ಏಟು ಬೀಳುವುದಿಲ್ಲ. ಬೆಟ್ಟದಲ್ಲಿ ಗಂಟೆಗಟ್ಟಲೆ ಇಳಿಯುವಾಗ ಮಾತ್ರ ಇಡೀ ಭಾರ ಹಿಂದಿನ ಡ್ರಮ್ಮುಗಳ ಮೇಲೆ ಬಿದ್ದು, ಅವು ಕಾದು, ಶೂಗೆ ಹಾಕಿದ ಲೈನಿಂಗ್ ಪಟ್ಟಿ ಸುಟ್ಟು, ಕೊನೆಗೆ ತುಳಿದರೂ ಏನೂ ಆಗದ ಒಂದು ಹೊತ್ತು ಬರುತ್ತದೆ. ಆಗ ನಂಬಿಕೆ ಸುಳ್ಳೆಂದು ತಿಳಿದರೂ ಹೇಳಲು ಡ್ರೈವರ್ ಉಳಿದಿರುವುದಿಲ್ಲ.

ಆ ಗಾಡಿಯ ಡ್ರೈವರ್ ಸಂಗಪ್ಪಣ್ಣ. ವಿಜಯಪುರದ ಕಡೆಯವರು, ಐವತ್ತು ದಾಟಿತ್ತು, ಸುಂಕದಕಟ್ಟೆಯಲ್ಲೇ ಬಾಡಿಗೆ ಮನೆ. ಜೊತೆಗೆ ಗಾಡಿ ಓಡಿಸುತ್ತಿದ್ದವನು ಅವರ ಅಳಿಯ ಈರಣ್ಣ, ಮಗಳನ್ನು ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ಮುಂದಿನ ಬ್ರೇಕಿನ ಮಾತೆತ್ತಿದಾಗ ಸಂಗಪ್ಪಣ್ಣ ತಂಬಾಕು ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಮೇಡಮ್ಮಾರ, ನೀವು ಕಾಗದದ ಮ್ಯಾಲೆ ಏನ್ ಬೇಕಾದ್ದ ಬರಕೋರಿ. ಸ್ಟೇರಿಂಗ್ ಹಿಡಿಯಾಂವ ನಾ. ಇಪ್ಪತ್ತೆಂಟ ವರ್ಷ ಹಿಡದೀನಿ."

"ಬೆಟ್ಟ ಇಳಿಯೋವಾಗ ಏನ್ ಮಾಡ್ತೀರಾ?"

"ಗೇರಿನ್ಯಾಗ ಇಳಸ್ತೀನ್ರಿ. ಮುಂದಿನ ಬ್ರೇಕ ನನಗ ಬ್ಯಾಡ."

ಇದಕ್ಕೆ ಹಠ ಎಂದು ಹೆಸರಿಟ್ಟು ನಾನು ಸುಮ್ಮನಿರಬಹುದಿತ್ತು. ಸಾದಿಕ್ ಭಾಯ್ ಆಮೇಲೆ ಚಹಾ ಕುಡಿಯುವಾಗ ಮಿಕ್ಕದ್ದನ್ನು ಹೇಳಿದರು. ಹದಿನಾರು ವರ್ಷದ ಹಿಂದೆ ನಿಪ್ಪಾಣಿಯ ಆಚೆ ಸಂಗಪ್ಪಣ್ಣ ಜೋರಾಗಿ ಬ್ರೇಕ್ ತುಳಿದಾಗ ಮುಂದಿನ ಎಡಗಾಲಿ ಒಂದೇ ಕಚ್ಚಿ, ಗಾಡಿ ಎಡಕ್ಕೆ ತಿರುಗಿ ಮಗುಚಿತ್ತು. ಪಕ್ಕದಲ್ಲಿ ಕೂತಿದ್ದ ಅವರ ಸ್ವಂತ ಅಣ್ಣ ಅಲ್ಲೇ ತೀರಿಕೊಂಡಿದ್ದರು. ಆವತ್ತಿನಿಂದ ಅಲ್ಲಿಯವರೆಗೆ ಅವರು ಓಡಿಸಿದ ಯಾವ ಗಾಡಿಯಲ್ಲೂ ಮುಂದಿನ ಬ್ರೇಕ್ ಇರಲಿಲ್ಲ. ಅದನ್ನು ಕೇಳಿದ ಮೇಲೆ ನನಗೆ ಸಂಕಟವಾಯಿತು. ಸಂಕಟವಾಯಿತೆಂದು ಬಿಟ್ಟುಬಿಡುವ ವಿಷಯ ಮಾತ್ರ ಇದಾಗಿರಲಿಲ್ಲ. ಆ ದಿನ ಗಾಡಿ ಮಗುಚಿದ್ದು ಮುಂದಿನ ಬ್ರೇಕ್ ಹಿಡಿದದ್ದಕ್ಕಲ್ಲ, ಒಂದೇ ಕಡೆ ಹಿಡಿದದ್ದಕ್ಕೆ. ಅವರು ಹದಿನಾರು ವರ್ಷ ತಪ್ಪು ಶತ್ರುವಿನ ಮೇಲೆ ದ್ವೇಷ ಇಟ್ಟುಕೊಂಡಿದ್ದರು.

ಜೂನ್ ತಿಂಗಳು ನಮ್ಮಿಬ್ಬರ ಯುದ್ಧ ನಡೆಯಿತು. ಗಾಡಿ ಆಗ ಊರೊಳಗಿನ ಬಾಡಿಗೆ ಹೊಡೆಯುತ್ತಿತ್ತು, ಸಂಜೆ ಯಾರ್ಡಿಗೆ ಬರುತ್ತಿತ್ತು. ಪೆಡಲ್ ಒತ್ತಿದಾಗ ಬ್ರೇಕಿನ ಸರಳು ಎಷ್ಟು ಹೊರಬರುತ್ತದೆಂದು ನಾನು ಎರಡೂ ಕಡೆ ಅಳತೆ ನೋಡಿ ಬಿಗಿ ಮಾಡಿಸುತ್ತಿದ್ದೆ. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಸಡಿಲ. ಕೇಳಿದರೆ, "ಓಡಿ ಓಡಿ ಸಡ್ಲ ಆಗಿರಬೇಕ್ರಿ" ಎನ್ನುತ್ತಿದ್ದರು, ಕಣ್ಣಲ್ಲಿ ನಗು ಇಟ್ಟುಕೊಂಡು. ಮನೆಯಿಂದ ಕೆಂಪು ನೇಲ್ ಪಾಲಿಶ್ ತಂದು, ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಒಂದು ಗೆರೆ ಎಳೆದೆ. ಯಾರಾದರೂ ಸ್ಪ್ಯಾನರ್ ಹಾಕಿದರೆ ಗೆರೆ ಮುರಿಯಬೇಕು. ಮೂರನೇ ದಿನ ಗೆರೆ ಮುರಿದಿತ್ತು. "ಮೇಡಮ್ಮಾರ, ಗಾಡಿಗೆ ಉಗುರು ಬಣ್ಣ ಹಚ್ಚೀರಿ, ಇನ್ನ ಹಸಿರು ಬಳಿ ಯಾವಾಗ ಇಡಸ್ತೀರಿ?" ಎಂದು ಸಂಗಪ್ಪಣ್ಣ ಕೇಳಿದರು. ಯಾರ್ಡಿನಲ್ಲಿ ಎಲ್ಲರೂ ನಕ್ಕರು. ನನಗೂ ನಗು ಬಂತು, ಆದರೆ ಆವತ್ತೇ ಹೊಸ ಗೆರೆ ಎಳೆದೆ.

ಜುಲೈ ಮೊದಲ ವಾರ ಮಹೇಶಪ್ಪನವರು ಹಳೇ ಗಾಡಿಗೂ ನೇಪಾಳದ ಲೋಡು ಹಾಕುವುದಾಗಿ ಹೇಳಿದರು. ನಾನು ಸಂಗಪ್ಪಣ್ಣನಿಗೆ ಒಂದು ಪಂದ್ಯ ಕಟ್ಟಿದೆ: ಎರಡೂ ಕಡೆ ಸಮ ಮಾಡಿಸುತ್ತೇನೆ, ಗಾಡಿ ನೆಟ್ಟಗೆ ನಿಂತರೆ ನೀವು ನಟ್ಟು ಮುಟ್ಟಬಾರದು. ಎಳೆದರೆ ನಾನು ಈ ಮಾತೇ ಎತ್ತುವುದಿಲ್ಲ. ಅವರು ಒಪ್ಪಿದರು. ಮರಳು ಮೂಟೆ ತುಂಬಿಕೊಂಡು ಕೆಂಗೇರಿಯ ಆಚೆ, ಸೈಟುಗಳು ಬಿದ್ದು ಮನೆಗಳಿನ್ನೂ ಏಳದ ಹೊಸ ಬಡಾವಣೆಯ ಖಾಲಿ ರಸ್ತೆಗೆ ಹೋದೆವು. ಜಡಿಮಳೆ ಆಗಷ್ಟೇ ನಿಂತಿತ್ತು. ನಾನು ಕ್ಯಾಬಿನ್ನಿನಲ್ಲಿ ಅವರ ಪಕ್ಕವೇ ಕೂತೆ. ಅವರು ಅದನ್ನು ಬಯಸಲಿಲ್ಲ, ಈಗ ಯೋಚಿಸಿದರೆ ಅದು ಯಾಕೆಂದು ಗೊತ್ತಾಗುತ್ತದೆ.

ನಲವತ್ತರ ವೇಗದಲ್ಲಿ ನಾನು "ತುಳೀರಿ" ಎಂದೆ. ತುಳಿದರು. ಗಾಡಿ ಎಡಕ್ಕೆ ಎಳೆಯಿತು, ರಸ್ತೆ ಬಿಟ್ಟು ಇಳಿದು, ಅಲ್ಲಿ ಸುರಿದಿದ್ದ ಜಲ್ಲಿ ಗುಡ್ಡೆಗೆ ಮೂತಿ ತೂರಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಸಂಗಪ್ಪಣ್ಣ ಕೆಳಗಿಳಿದು ಜಲ್ಲಿಯ ಮೇಲೆ ಕೂತರು. ಬೀಡಿ ಹಚ್ಚಲು ಮೂರು ಕಡ್ಡಿ ಗೀರಬೇಕಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನೋಡಿದ್ರಲ್ರಿ" ಎಂದಷ್ಟೇ ಹೇಳಿದರು.

ಯಾರ್ಡಿಗೆ ಬಂದ ಮೇಲೆ ಸಾದಿಕ್ ಭಾಯ್ ಜೊತೆ ಕೂತು ಮುಂದಿನ ಡ್ರಮ್ಮುಗಳನ್ನು ಬಿಚ್ಚಿದೆ. ಸಂಗಪ್ಪಣ್ಣ ದೂರದಿಂದಲೇ ನೋಡುತ್ತಿದ್ದರು. ಎಡಗಾಲಿಯ ಡ್ರಮ್ಮು ತುಕ್ಕು ಹಿಡಿದಿತ್ತು. ಬಲಗಾಲಿಯ ಸೀಲು ಹೋಗಿ, ಲೈನಿಂಗಿನ ತುಂಬ ಗ್ರೀಸು ಸೋರಿತ್ತು. ಗ್ರೀಸು ಮೆತ್ತಿದ ಕಡೆ ಬ್ರೇಕ್ ಜಾರುತ್ತದೆ, ಇನ್ನೊಂದು ಕಡೆ ಕಚ್ಚುತ್ತದೆ, ಗಾಡಿ ಆ ಕಡೆಗೆ ಎಳೆಯುತ್ತದೆ. ನಾನು ಹೊರಗಿನ ಅಳತೆ ನೋಡಿದ್ದೆ, ಡ್ರಮ್ಮು ಬಿಚ್ಚಿ ನೋಡಿರಲಿಲ್ಲ. ಎಷ್ಟೋ ವರ್ಷದಿಂದ ಕೆಲಸ ಮಾಡದ ಬ್ರೇಕನ್ನು ಬಿಚ್ಚದೆ ನಂಬಿದ್ದು ನನ್ನ ತಪ್ಪು, ಬೇರೆ ಯಾರದ್ದೂ ಅಲ್ಲ. ಅಪ್ಪ ಇದ್ದಿದ್ದರೆ ತಲೆಗೆ ಒಂದು ಮೊಟಕುತ್ತಿದ್ದರು. ಹೊಸ ಸೀಲು, ಎರಡೂ ಕಡೆಗೆ ಹೊಸ ಲೈನಿಂಗ್ ಹಾಕಿಸಿ, ಸಾದಿಕ್ ಭಾಯ್ ಕೈಯಲ್ಲಿ ಯಾರ್ಡಿನೊಳಗೇ ಓಡಿಸಿ ನೋಡಿದೆ. ಗಾಡಿ ದಾರ ಹಿಡಿದಂತೆ ನೆಟ್ಟಗೆ ನಿಂತಿತು. ಸಂಗಪ್ಪಣ್ಣನನ್ನು ಕರೆದೆ, ಬರಲಿಲ್ಲ. "ಒಮ್ಮೆ ಮಾತ ಕೊಟ್ಟಿದ್ದು ಆತ್ರಿ" ಎಂದರು.

ಅವರು ಹೇಳಿದ್ದು ನ್ಯಾಯವೇ. ಪಂದ್ಯದ ಮಾತು ಮುರಿದವಳು ನಾನು. ಮತ್ತೆ ಆ ಮಾತೆತ್ತಿದೆ, ಮತ್ತೆ ಕೆಂಪು ಗೆರೆ ಎಳೆದೆ. ಮಾತು ತಪ್ಪಿದವಳು ಎನ್ನಿಸಿಕೊಳ್ಳಲು ನಾನು ತಯಾರಿದ್ದೆ. ಆ ಇಬ್ಬರು ಹಾಗೇ ಬೆಟ್ಟ ಇಳಿಯುವುದನ್ನು ನೋಡಲು ತಯಾರಿರಲಿಲ್ಲ.

ಗಾಡಿ ಹೊರಡುವ ಬೆಳಿಗ್ಗೆ ತುಂತುರು ಹನಿಯುತ್ತಿತ್ತು. ಪಂಪುಗಳನ್ನು ತುಂಬಿ ಟಾರ್ಪಾಲು ಕಟ್ಟಿಯಾಗಿತ್ತು. ಮಹೇಶಪ್ಪನವರೇ ಊದುಬತ್ತಿ ಹಚ್ಚಿ, ಕಾಯಿ ಒಡೆದು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ನಾನು ಕೊನೆಯ ಸಲ ಕೆಳಗೆ ಸರಿದು ನೋಡಿದೆ. ಎರಡೂ ಗೆರೆಗಳು ಮುರಿದಿದ್ದವು. ಅಳತೆಯನ್ನೂ ನೋಡಿದೆ, ಮೊದಲಿನ ಹಾಗೆಯೇ ಪೂರ್ತಿ ಸಡಿಲ.

"ಸಾರ್, ಈ ಗಾಡಿಗೆ ಸಹಿ ಹಾಕಲ್ಲ," ಎಂದೆ ಎದ್ದು ಬಂದು. "ಹತ್ತು ನಿಮಿಷ ಕೊಡಿ, ಸಾದಿಕ್ ಭಾಯ್ ಬಿಗಿ ಮಾಡ್ತಾರೆ. ಆಮೇಲೆ ಹಾಕ್ತೀನಿ."

"ಬಿಗಿ ಮಾಡಿದ್ರ ನಾ ಗಾಡಿ ಹತ್ತಂಗಿಲ್ಲ," ಎಂದರು ಸಂಗಪ್ಪಣ್ಣ.

ಮಹೇಶಪ್ಪನವರು ಇಬ್ಬರನ್ನೂ ನೋಡಿದರು. ಡ್ರೈವರ್ ಇಲ್ಲದೆ ಗಾಡಿ ಹೋಗುವುದಿಲ್ಲ, ಸಹಿ ಇಲ್ಲದೆ ಹೋಗಬಹುದು. ಅವರು ಲೆಕ್ಕ ಹಾಕಿದ್ದು ಅಷ್ಟೇ ಇರಬೇಕು.

"ನೋಡಮ್ಮ ಗಿರಿಜಾ, ಅವರು ನೀನು ಮಗು ಆಗಿದ್ದಾಗಿಂದ ಗಾಡಿ ಓಡಿಸ್ತಿರೋರು. ಹೋದ್ ವಾರ ನಿನ್ ಮಾತು ಕೇಳಿ ಗಾಡಿ ಜಲ್ಲಿಗೆ ಹೋಗಿ ಗುದ್ದಿತು. ಸುಮ್ನೆ ಸಹಿ ಹಾಕು."

"ಜಲ್ಲಿಗೆ ಗುದ್ದಿದ್ದು ನನ್ನ ತಪ್ಪು ಸಾರ್, ಒಪ್ಕೋತೀನಿ. ಅದನ್ನ ಸರಿ ಮಾಡಿ ಆಗಿದೆ. ಇದನ್ನ ಸರಿ ಮಾಡ್ದೆ ಸಹಿ ಹಾಕಿದ್ರೆ ಅದು ಸುಳ್ಳು."

"ಹಾಕಲ್ಲ ಅಂದ್ರೆ ನಾಳೆಯಿಂದ ಬರೋದು ಬೇಡ."

"ಸರಿ ಸಾರ್."

ಹಾಳೆಯನ್ನು ಅವರ ಮೇಜಿನ ಮೇಲೆ ಖಾಲಿ ಬಿಟ್ಟು, ಪೆನ್ನನ್ನು ಅದರ ಪಕ್ಕ ಇಟ್ಟು ಹೊರಬಂದೆ. ಮನೆಗೆ ಹೋಗುವ ಬದಲು ನೇರ ಹೋಗಿ ಯಾರ್ಡಿನ ಗೇಟಿನ ನಡುವೆ ನಿಂತೆ. ಗಾಡಿ ನಿಂಬೆಹಣ್ಣು ಜಜ್ಜಿಕೊಂಡು ಬಂದು, ನನ್ನೆದುರು ನಿಂತಿತು. ಹಿಂದೆ ಇನ್ನೆರಡು ಲಾರಿ. ಅಷ್ಟರಲ್ಲಿ ಒಳಗೆ ಬರಬೇಕಿದ್ದ ಒಂದು ಗಾಡಿ ಮಾಗಡಿ ರಸ್ತೆಯಲ್ಲೇ ಅಡ್ಡ ನಿಂತು, ಬಸ್ಸು ಆಟೋಗಳೆಲ್ಲ ಹಾರ್ನ್ ಶುರುಮಾಡಿದವು. ಸಂಗಪ್ಪಣ್ಣ ಕಿಟಕಿಯಿಂದ ತಲೆ ಹೊರಹಾಕಿದರು.

"ಸರೀರಿ ತಂಗಿ. ನಂದೂ ಜೀವ ಅಲ್ಲೇನ್ರಿ? ನನಗ ಸಾಯಾಕ ಮನಸೈತೇನು?"

"ನಿಮ್ದೂ ಜೀವ ಅಂತಾನೇ ನಿಂತಿರೋದು ಅಣ್ಣ."

ಕೊನೆಗೆ ಟ್ರಾಫಿಕ್ ಪೊಲೀಸಿನವರು ಬಂದು, "ಏನಮ್ಮ, ನಿಮ್ಮನೆ ಜಗಳಕ್ಕೆ ಮಾಗಡಿ ರೋಡ್ ಬಂದ್ ಮಾಡ್ಬೇಕಾ?" ಎಂದು ಗದರಿದಾಗ ಪಕ್ಕಕ್ಕೆ ಸರಿದೆ. ಗಾಡಿ ಹೋಯಿತು. ಹೋಗುವಾಗ ಕಿಟಕಿಯತ್ತ ನೋಡಿ, "ನನ್ ನಂಬರ್ ನಿಮ್ಮತ್ರ ಇದೆ" ಎಂದು ಕೂಗಿದೆ. ಅದಕ್ಕಿಂತ ಬೇರೇನೂ ನನ್ನ ಕೈಯಲ್ಲಿ ಉಳಿದಿರಲಿಲ್ಲ.

ಅಮ್ಮನಿಗೆ ವಿಷಯ ಹೇಳಿದಾಗ ಅವಳು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. "ಒಂದು ಸಹಿ ಕಣೇ. ಹಾಕಿ ಬಂದಿದ್ರೆ ನಿನ್ ಕೈ ಸವೆದು ಹೋಗ್ತಿತ್ತಾ?" ಎಂದಳು. ಊಟಕ್ಕೆ ಕೂತಾಗ ಅವಳೇ, "ನಿಮ್ಮಪ್ಪಾನೂ ಹಿಂಗೇ. ಡಿಪೋದಲ್ಲಿ ಒಂದ್ ಬಸ್ಸು ಬಿಡಲ್ಲ ಅಂತ ಮೂರು ಸಲ ಮೆಮೋ ತಗೊಂಡು ಬಂದಿದ್ರು" ಎಂದು ಹೇಳಿ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಆಮೇಲಿನ ಹತ್ತು ದಿನ ಮಳೆ ಬಿಡಲಿಲ್ಲ. ನಾನು ಕೆಲಸ ಹುಡುಕುತ್ತ ಅಲೆದೆ. ಒಂದು ಮಧ್ಯಾಹ್ನ ಸ್ಕೂಟರ್ ಶೋರೂಮೊಂದರಲ್ಲಿ ಸಂದರ್ಶನ ಮುಗಿಸಿ, ಅಲ್ಲೂ ಅದೇ ದೂರು ಬರೆಯುವ ಕುರ್ಚಿಯೇ ಎಂದು ತಿಳಿದು, ಜ್ಞಾನಭಾರತಿ ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುತ್ತಿದ್ದೆ. ಫೋನ್ ಬಂತು. ಸಂಗಪ್ಪಣ್ಣ.

"ತಂಗಿ, ರಕ್ಸೋಲ್‌ದಾಗ ಅದೀನ್ರಿ. ಗಡಿ ದಾಟೂ ಲೈನಿನ್ಯಾಗ ನಿಂತು ಆರ ದಿನ ಆತು. ನಾಳೆ ನಮ್ಮ ಪಾಳಿ ಬರತೈತಿ."

ಧ್ವನಿ ಎಂದಿನ ಹಾಗಿರಲಿಲ್ಲ. ಏನಾಯಿತು ಎಂದು ಕೇಳಿದೆ.

"ಮುಂಜಾನೆ ಆ ಕಡೆಯಿಂದ ಒಂದ್ ಗಾಡಿ ಎಳಕೊಂಡ ಬಂದ್ರಿ, ನಮ್ಮ ಲೈನಿನ ಬಾಜೂಕ ನಿಂದ್ರಿಸ್ಯಾರ. ಹಿಂದಿನ ಗಾಲಿ ಎಲ್ಲಾ ಸುಟ್ಟು ಕರ್ರಗಾಗ್ಯಾವ. ಡ್ರೈವರಂದು ಚಪ್ಪಲಿ ಕ್ಯಾಬಿನ್ನಿನ್ಯಾಗ ಅದಾವ, ಅಂವ ಇಲ್ಲ. ನಾ ಹೋಗಿ ಮುಂದಿನ ಡ್ರಮ್ ನೋಡಿದ್ನಿ. ತುಕ್ಕ ಹತ್ತೈತ್ರಿ. ಅದು ಒಂದ್ ದಿನಾನೂ ದುಡದಿಲ್ಲ. ನಮ್ಮ ಗಾಡೀದೂ ಹಂಗ ಇತ್ತಲ್ರಿ, ನೀವು ಬಿಚ್ಚಿದಾಗ."

"ಹೌದು ಅಣ್ಣ."

"ಹೆಂಗ ಬಿಗಿ ಮಾಡೂದು ಹೇಳ್ರಿ. ಸಮ ಆಗಬೇಕು. ಎಳೀಬಾರ್ದು."

ಆ ಹೊತ್ತಿಗೆ ನಾನು ಯಾರ ಕೆಲಸದಲ್ಲೂ ಇರಲಿಲ್ಲ. ಮೆಟ್ಟಿಲ ಪಕ್ಕ, ಮಳೆ ಬೀಳದ ಜಾಗದಲ್ಲಿ ಕೂತೆ. ಹಿಂದಿನ ಗಾಲಿಗೆ ಕಲ್ಲು ಕೊಡಿ ಎಂದೆ. ಈರಣ್ಣನನ್ನು ಕ್ಯಾಬಿನ್ನಿಗೆ ಹತ್ತಿಸಿ, ನಾನು ಹೇಳಿದಾಗ ಮಾತ್ರ ಪೆಡಲ್ ಒತ್ತಲಿ ಎಂದೆ. ಅಳತೆಗೆ ಅವರ ಬಳಿ ಸ್ಕೇಲ್ ಇರಲಿಲ್ಲ.

"ಬೆಂಕಿಪೊಟ್ಟಣ ಇದೆಯಲ್ಲ, ಒಂದ್ ಕಡ್ಡಿ ತೆಗೀರಿ. ಪೆಡಲ್ ಒತ್ತಿದಾಗ ಆ ಸರಳು ಹೊರಗ್ ಬರುತ್ತಲ್ಲ, ಕಡ್ಡಿಗಿಂತ ಜಾಸ್ತಿ ಬರಬಾರ್ದು. ಎರಡೂ ಕಡೆ ಒಂದೇ ಕಡ್ಡಿ ಇಟ್ಟು ನೋಡಿ. ಬೇರೆ ಕಡ್ಡಿ ಬೇಡ."

ಫೋನ್ ಎರಡು ಸಲ ಕಟ್ ಆಯಿತು, ಎರಡು ಸಲವೂ ಅವರೇ ಮತ್ತೆ ಮಾಡಿದರು. ಸ್ಪ್ಯಾನರ್ ನಟ್ಟಿನ ಮೇಲೆ ಕೂರುವ ಸದ್ದು, ಅವರ ಏದುಸಿರು, ಎಲ್ಲ ಕೇಳುತ್ತಿತ್ತು. ಎಡಗಡೆ ಸರಿಯಾಯಿತು. ಬಲಗಡೆ ಒಂದು ಕಾಲು ಸುತ್ತು ಹೆಚ್ಚಾಗಿ, ಮತ್ತೆ ಬಿಟ್ಟು ಬಿಗಿದರು. ಮೆಟ್ರೋದಿಂದ ಇಳಿದು ಬರುತ್ತಿದ್ದ ವಿಶ್ವವಿದ್ಯಾಲಯದ ಹುಡುಗರು, ಫೋನಿಗೆ "ಒತ್ತಿ, ಬಿಡಿ, ಇನ್ನೊಂದ್ಸಲ ಒತ್ತಿ" ಎಂದು ಕೂಗುತ್ತಿದ್ದ ನನ್ನನ್ನು ನೋಡಿ, ದೂರ ಸರಿದು ಹೋಗುತ್ತಿದ್ದರು. "ಏನೋ ಟೆನ್ಷನ್ ಕಣೋ ಆಂಟಿಗೆ" ಎಂದು ಒಬ್ಬ ಹೇಳಿದ್ದು ಕೇಳಿಸಿತು. ಇಪ್ಪತ್ತೊಂಬತ್ತಕ್ಕೇ ಆಂಟಿ ಆದದ್ದಕ್ಕೆ ಬೇಜಾರು ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ.

ಅಷ್ಟರಲ್ಲಿ ಆ ಕಡೆ ಬೇರೆ ಧ್ವನಿಗಳು ಸೇರಿಕೊಂಡವು. ಸಂಗಪ್ಪಣ್ಣ ಗಾಡಿ ಕೆಳಗೆ ಮಲಗಿದ್ದು ನೋಡಿ ಲೈನಿನಲ್ಲಿದ್ದ ಬೇರೆ ರಾಜ್ಯದ ಡ್ರೈವರುಗಳು ಬಂದು ನಿಂತಿದ್ದರಂತೆ. ಅವರಲ್ಲೊಬ್ಬ ಫೋನ್ ಇಸಿದುಕೊಂಡು ಹಿಂದಿಯಲ್ಲಿ ಏನೋ ಕೇಳಿದ. ನನ್ನ ಹಿಂದಿ ಶಾಲೆಯ ಮೂರನೇ ಭಾಷೆಯದ್ದು. "ದೋನೋ ತರಫ್ ಬರಾಬರ್, ಏಕ್ ಹೀ ತೀಲೀ" ಎಂದೆ, ಎರಡೂ ಕಡೆ ಸಮ, ಒಂದೇ ಕಡ್ಡಿ ಎಂಬ ಅರ್ಥದಲ್ಲಿ. ಅದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಅವನಿಗೆ ಅರ್ಥವಾಯಿತು. ಅವನೂ ತನ್ನ ಗಾಡಿಯ ಕೆಳಗೆ ಸರಿದನಂತೆ. ನಾಲ್ಕು ಗಾಡಿಗಳ ಮುಂದಿನ ಬ್ರೇಕು ಆ ಮಧ್ಯಾಹ್ನ ಬಿಗಿಯಾಯಿತು. ಫೋನಿನ ಬ್ಯಾಟರಿ ಮುಗಿಯುವವರೆಗೆ ನಾನು ಅಲ್ಲೇ ಕೂತಿದ್ದೆ.

ಗಡಿ ದಾಟಿದ ಮೇಲೆ ನಮ್ಮ ಸಿಮ್ ಕೆಲಸ ಮಾಡುವುದಿಲ್ಲ. ಮುಂದಿನ ಒಂಬತ್ತು ದಿನ ನನಗೆ ಏನೂ ಗೊತ್ತಾಗಲಿಲ್ಲ. ಭಯವೆಲ್ಲ ಆಗ ಶುರುವಾಯಿತು. ಫೋನಿನಲ್ಲಿ ಕೇಳಿ ಬಿಗಿ ಮಾಡಿದ ಬ್ರೇಕು, ಬೆಂಕಿಕಡ್ಡಿಯ ಅಳತೆ, ಕೆಂಗೇರಿಯಲ್ಲಿ ಎಡಕ್ಕೆ ಎಳೆದ ಹಾಗೆ ಬೆಟ್ಟದಲ್ಲಿ ಎಳೆದರೆ ಎಡಗಡೆ ಜಲ್ಲಿ ಗುಡ್ಡೆ ಇರುವುದಿಲ್ಲ. ಸಡಿಲವಿದ್ದೇ ಹೋಗಿ ಏನಾದರೂ ಆದರೆ ಅದು ಅವರ ಹಠ, ಬಿಗಿ ಮಾಡಿದ ಮೇಲೆ ಏನಾದರೂ ಆದರೆ ಅದು ನನ್ನ ಮಾತು. ಆದರೂ ಹೇಳಿಕೊಟ್ಟದ್ದಕ್ಕೆ ಒಂದು ಕ್ಷಣವೂ ಪಶ್ಚಾತ್ತಾಪವಾಗಲಿಲ್ಲ. ಊಟ ಮಾತ್ರ ಸೇರುತ್ತಿರಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಫೋನ್ ಬಂತು. "ಇಳದು ಬಂದೀನ್ರಿ ತಂಗಿ," ಎಂದರು. "ಎಳೀಲಿಲ್ಲ. ಊರಿಗಿ ಬಂದು ಮಾತಾಡ್ತೀನಿ." ಅಷ್ಟೇ. ನಾನು ಅಡುಗೆಮನೆಗೆ ಹೋಗಿ ಅಮ್ಮನ ಹೆಗಲ ಮೇಲೆ ತಲೆಯಿಟ್ಟು ಅತ್ತೆ.

ಸೆಪ್ಟೆಂಬರಿನಲ್ಲಿ ಮಹೇಶಪ್ಪನವರಿಂದ ಕರೆ ಬಂತು. ಯೋಜನೆಯವರು ಆ ಮಳೆಗಾಲದ ಎಲ್ಲ ಟ್ರಿಪ್ಪುಗಳ ಹಾಳೆಗಳನ್ನು ಕೇಳಿದ್ದರು, ನಾನು ಬಿಟ್ಟ ಮೇಲೆ ಹೊಸ ಲೋಡು ಹೋಗಿರಲಿಲ್ಲ, ಹೋದವುಗಳಲ್ಲಿ ಒಂದರ ಹಾಳೆಯಲ್ಲಿ ಸಹಿ ಇರಲಿಲ್ಲ. ನನ್ನ ಹೆಸರೇ ಅಲ್ಲಿಗೆ ಕಳಿಸಿದ್ದರಿಂದ ಬೇರೆಯವರು ಹಾಕುವಂತಿರಲಿಲ್ಲ. ಹೋದೆ. ಆಫೀಸಿನಲ್ಲಿ ಅದೇ ಫ್ಯಾನು ತಿರುಗುತ್ತಿತ್ತು. ಸಂಗಪ್ಪಣ್ಣ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದರು, ಮರುದಿನ ಮತ್ತೆ ನೇಪಾಳದ ಲೋಡಿತ್ತು.

"ಆಗಿದ್ದು ಆಯ್ತಮ್ಮ," ಎಂದರು ಮಹೇಶಪ್ಪ. "ನಾಳೆಯಿಂದ ಕೆಲಸಕ್ಕೆ ಬಾ. ಇದೊಂದಕ್ಕೆ ಸಹಿ ಹಾಕು. ಗಾಡಿ ಹೋಗಿ ವಾಪಸ್ ಬಂತಲ್ಲ, ಇನ್ನೇನು ಕಷ್ಟ?"

"ವಾಪಸ್ ಬಂತು ಅಂದ್ರೆ ಅವತ್ತು ಫಿಟ್ ಇತ್ತು ಅಂತ ಅಲ್ಲ ಸಾರ್."

"ಯಾರಿಗ್ ಗೊತ್ತಾಗುತ್ತಮ್ಮ?"

"ನನಗ್ ಗೊತ್ತಲ್ಲ ಸ್ವಾಮಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಬ್ರೇಕಿನ ಸಾಲಿನಲ್ಲಿ ಬರೆದೆ: ಹೊರಟ ದಿನ ಈ ಗಾಡಿಯ ಮುಂದಿನ ಎರಡೂ ಬ್ರೇಕುಗಳು ಸಡಿಲ ಇದ್ದವು; ಗಾಡಿ ಹೊರಡಲು ಯೋಗ್ಯವಾಗಿರಲಿಲ್ಲ. ಕೆಳಗೆ ಸಹಿ ಹಾಕಿದೆ. ಆ ವರ್ಷ ನಾನು ಅಷ್ಟು ದೊಡ್ಡದಾಗಿ ಸಹಿ ಹಾಕಿದ್ದು ಅದೊಂದೇ ಸಲ.

ಮಹೇಶಪ್ಪನವರು ಓದಿದರು, ಮತ್ತೆ ಓದಿದರು. "ಇದನ್ನ ಹೆಂಗಮ್ಮ ಕಳ್ಸೋದು ನಾನು?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು.

ಸಂಗಪ್ಪಣ್ಣ ಎದ್ದು ಬಂದರು. ನನ್ನ ಕೈಯಿಂದ ಪೆನ್ನು ತಗೊಂಡರು. ಅಕ್ಷರ ಕೂಡಿಸಿ ಕೂಡಿಸಿ ಬರೆಯುವವರು ಅವರು. ನನ್ನ ಸಾಲಿನ ಕೆಳಗೆ, ನಿಧಾನವಾಗಿ, ನಾಲಿಗೆ ಹಲ್ಲಿಗೆ ಒತ್ತಿ ಹಿಡಿದು ಬರೆದರು: ಸಡಲ ಮಾಡಿದಾಂವ ನಾನ. ಅದರ ಮುಂದೆ ತಮ್ಮ ಸಹಿ ಹಾಕಿದರು.

"ಹಿಂಗ ಕಳಸ್ರಿ ಸಾವ್ಕಾರ್ರ," ಎಂದರು. "ಮುಂದ ಗುಡ್ಡ ಇಳಿಯಾವ್ರು ಓದ್ಲಿ."

"ಲೇ ಸಂಗಪ್ಪ, ಅವರು ಕೆಲಸಾನೇ ಕಿತ್ಕೊಂಡ್ರೆ?"

ಸಂಗಪ್ಪಣ್ಣ ಜೇಬಿನಿಂದ ಗಾಡಿಯ ಕೀಲಿ ತೆಗೆದು ಆ ಹಾಳೆಯ ಮೇಲೆ ಇಟ್ಟರು.

"ಈ ಹಾಳಿ ಮದ್ಲ ಹೋಗ್ಲಿ," ಎಂದರು. "ಆಮ್ಯಾಲೆ ನಾ ಹೊಂಡ್ತೀನಿ."